ಇಶಾ ನಂತರದ ಕಥೆಗಾರರು

‘ಕಥೆ ಬರೆಯೋದು ಅಂದ್ರೆ ಸುಳ್ಳು ಹೇಳಿದ ಹಾಗೆ ಅಲ್ವಾ ಉಸ್ತಾದ್?’

ಮದ್ರಸದ ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ. ಮಕ್ಕಳಿಗಿಂತ ಹೆಚ್ಚಾಗಿ ಅವರ ಹಿರಿಯರು ಕೇಳುತ್ತಾರೆ. ಮಗಳ ಬ್ಯಾಗಿನಲ್ಲಿ ಅರ್ಧ ಬರೆದ ಕಥೆಯ ನೋಟ್‌ಬುಕ್ ಸಿಕ್ಕಿದರೆ ಕೆಲವು ಮನೆಗಳಲ್ಲಿ ದೊಡ್ಡ ಗಲಾಟೆಯೇ ಆಗುತ್ತದೆ. ಓದೋದು ಬಿಟ್ಟು ಇದೆಲ್ಲ ಯಾಕೆ, ಇದರಿಂದ ದುನಿಯಾಕ್ಕೂ ಪ್ರಯೋಜನ ಇಲ್ಲ, ಆಖಿರಕ್ಕೂ ಇಲ್ಲ ಅಂತ ಹೇಳಿ ಪುಸ್ತಕ ಕಸಿದುಕೊಂಡವರಿದ್ದಾರೆ. ಬಚ್ಚಲೊಲೆಗೆ ಹಾಕಿದವರೂ ಇದ್ದಾರೆ. ಆ ಮಗು ಮತ್ತೆ ಬರೆಯುವುದಿಲ್ಲ. ಬರೆದರೂ ತೋರಿಸುವುದಿಲ್ಲ.

ಹಾಗಾಗಿ ಈ ವಾರ ಇದರ ಬಗ್ಗೆಯೇ ಸ್ವಲ್ಪ ಮಾತಾಡೋಣ. ಹಣಕ್ಕಲ್ಲ, ಹೆಸರಿಗೂ ಅಲ್ಲ, ಬರೀ ಪ್ರೀತಿಗೆ ಕಥೆ ಬರೆಯುವವರ ಬಗ್ಗೆ. ಅಂಥವರು ನಮ್ಮ ಮನೆಗಳಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಇದ್ದಾರೆ.

ನಮ್ಮಂಥವರ ದಿನಚರಿ

ಹವ್ಯಾಸಕ್ಕೆ ಬರೆಯುವ ನಮ್ಮಂಥವರ ದಿನ ಹೇಗಿರುತ್ತದೆ? ಸುಬ್ಹಿ ಮುಗಿದ ಕೂಡಲೇ ಮದ್ರಸದ ಬೆಲ್. ಹಗಲಿಗೆ ಬೇರೆ ಕೆಲಸ, ಮಗ್ರಿಬ್ ಆದ ಮೇಲೆ ಮತ್ತೆ ಪಾಠ. ಇಶಾ ಮುಗಿಸಿ ಊಟ ಮಾಡಿ, ಮಕ್ಕಳು ಮಲಗಿದ ಮೇಲೆ ಸಿಗುವುದು ಒಂದು ಗಂಟೆ. ಕಥೆ ಆ ಒಂದು ಗಂಟೆಯಲ್ಲಿ ಹುಟ್ಟಬೇಕು. ಬೇಕರಿಯಲ್ಲಿ ದುಡಿಯುವ ಹುಡುಗನಿಗೆ ಶಟರ್ ಎಳೆದ ನಂತರ ಬಿಡುವು. ಗಲ್ಫ್‌ನ ರೂಮಿನಲ್ಲಿ ಆರು ಜನರ ಜೊತೆ ಇರುವವನು ಮೇಲಿನ ಮಂಚದಲ್ಲಿ ಮಲಗಿ, ಲೈಟ್ ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮೊಬೈಲ್ ಹಿಡಿದು ಟೈಪ್ ಮಾಡುತ್ತಾನೆ. ಬೀಡಿ ಕಟ್ಟುವ ತಾಯಂದಿರು ಸೂಪನ್ನು ಮಡಿಲಲ್ಲಿಟ್ಟುಕೊಂಡು ಕಥೆಯನ್ನು ಮನಸ್ಸಿನಲ್ಲೇ ಕಟ್ಟುತ್ತಾರೆ. ಕೈಗೆ ಬಿಡುವು ಸಿಕ್ಕಾಗ ಮಾತ್ರ ಅದು ಕಾಗದಕ್ಕೆ ಬರುವುದು.

ಬರೆದದ್ದನ್ನು ಪತ್ರಿಕೆಗೆ ಕಳಿಸುವುದೂ ಒಂದು ಪರೀಕ್ಷೆಯೇ. ಮೊದಲು ಕಾಗದದ ಒಂದೇ ಮಗ್ಗುಲಲ್ಲಿ ಬರೆದು, ಸ್ಟಾಂಪ್ ಹಚ್ಚಿದ ಲಕೋಟೆಯನ್ನು ಜೊತೆಗಿಟ್ಟು ಕಳಿಸಬೇಕಿತ್ತು. ಈಗ ಇಮೇಲ್. ನುಡಿಯಲ್ಲಿ ಟೈಪ್ ಮಾಡಿದ್ದು ಆ ಕಡೆ ಯೂನಿಕೋಡಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈದ್ ವಿಶೇಷಾಂಕದಲ್ಲಿ ಒಂದು ಕಥೆ ಬಂದರೆ ಆ ಪ್ರತಿಯನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಇಡುತ್ತೇವೆ.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ ಉತ್ತರ ಸರಳ. ನಾವು ಮೊದಲು ಬರಹಗಾರರಲ್ಲ, ಓದುಗರು. ಅಭಿಮಾನಿಗಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರು ಯಾರಾದರೂ ನಾದಿರಾಳ ಕೊನೆಯನ್ನು ಸುಮ್ಮನೆ ಒಪ್ಪಿಕೊಂಡಿದ್ದಾರಾ? ಅವಳು ಬದುಕಬೇಕಿತ್ತು, ಯಾರಾದರೂ ಅವಳ ಮಾತು ಕೇಳಬೇಕಿತ್ತು ಅಂತ ಮನಸ್ಸು ತಾನೇ ಇನ್ನೊಂದು ಕೊನೆ ಕಟ್ಟಲು ಹೊರಡುತ್ತದೆ. ಕಥೆ ಬರೆಯುವುದು ಶುರುವಾಗುವುದು ಅಲ್ಲೇ. ಬೇರೆಯವರ ಕಥೆಯನ್ನು ಅಷ್ಟು ಪ್ರೀತಿಸಿದವರು ಸುಮ್ಮನೆ ಕೂರಲಾರರು. ಅದನ್ನು ಮುಂದುವರಿಸುತ್ತಾರೆ, ತಿರುಗಿಸುತ್ತಾರೆ, ತಮ್ಮೂರಿಗೆ ತರುತ್ತಾರೆ.

ಇದು ಮೊಬೈಲ್ ಕಾಲದ ಹುಡುಗರ ಚಟ ಅಂತ ತಿಳಿದುಕೊಂಡವರಿಗೆ ಘಟ್ಟದ ಮೇಲಿನ ಒಂದು ಸೀಮೆಯನ್ನು ತೋರಿಸಬೇಕು.

ಕಲ್ಲೋಳಿಯ ಸುತ್ತಮುತ್ತ

ಮದ್ರಸ ಪಾಠಕ್ಕೆಂದೋ ಬೇಕರಿ, ಹೋಟೆಲಿಗೆಂದೋ ನಮ್ಮ ಕಡೆಯಿಂದ ಘಟ್ಟ ಹತ್ತಿದವರು ಬಹಳ ಜನ. ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆ ಹೋದವರು ಕಲ್ಲೋಳಿಯ ಹೆಸರು ಕೇಳಿರುತ್ತಾರೆ. ಕಪ್ಪು ಮಣ್ಣು, ಕಬ್ಬು, ಜೋಳದ ರೊಟ್ಟಿಯ ಊರು. ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ರಟ್ಟ ಅರಸರ ಕಾಲದ ಕನ್ನಡ ಶಾಸನ ಸಿಕ್ಕಿದ ಊರು ಇದು. ಅಂದರೆ ಎಂಟು ನೂರು ವರ್ಷಗಳ ಹಿಂದೆಯೇ ಇಲ್ಲಿ ಕನ್ನಡವನ್ನು ಕಲ್ಲಿನಲ್ಲಿ ಬರೆದಿದ್ದಾರೆ.

ಕಲ್ಲೋಳಿಯಲ್ಲಿ ನಿಂತು ಸುತ್ತ ನೋಡಿದರೆ ಪ್ರತಿ ದಿಕ್ಕಿನಲ್ಲೂ ಒಬ್ಬ ಕಥೆಗಾರನ ಊರಿದೆ. ಅದೇ ಸೀಮೆಯ ಕುಲಗೋಡು ‘ಶ್ರೀಕೃಷ್ಣ ಪಾರಿಜಾತ’ ಎಂಬ ಬಯಲಾಟಕ್ಕೆ ಹೆಸರಾದ ತಮ್ಮಣ್ಣನ ಊರು. ಈ ಪಾರಿಜಾತದ ಚರಿತ್ರೆ ನಮಗೆ ಬಹಳ ಮುಖ್ಯ. ಅದನ್ನು ಮೊದಲು ಹಾಡಾಗಿ ಕಟ್ಟಿದವನು ರಾಯಚೂರು ಕಡೆಯ ಅಪರಾಳದ ತಮ್ಮಣ್ಣ. ಆಮೇಲೆ ಕುಲಗೋಡಿನ ತಮ್ಮಣ್ಣ ಅದನ್ನು ಮೆಚ್ಚಿ ತೆಗೆದುಕೊಂಡ. ಸುಮ್ಮನೆ ಒಪ್ಪಿಸಲಿಲ್ಲ, ಮಾತು ಸೇರಿಸಿ, ಪಾತ್ರ ಬೆಳೆಸಿ, ರಾತ್ರಿಯಿಡೀ ಆಡುವ ಆಟವಾಗಿ ಮಾಡಿದ. ಮೂಲ ಒಬ್ಬನದು, ಆಟ ಇನ್ನೊಬ್ಬನದು. ಇಬ್ಬರೂ ತಮ್ಮಣ್ಣಂದಿರೇ ಆದ್ದರಿಂದ ಜನ ಊರಿನ ಹೆಸರು ಸೇರಿಸಿ ಗುರುತಿಸುತ್ತಾರೆ. ಪಕ್ಕದ ಕೌಜಲಗಿಯ ನಿಂಗಮ್ಮ ಆ ಆಟವನ್ನು ಊರೂರಿಗೆ ಒಯ್ದು ಹೆಸರಾದಳು. ಒಬ್ಬ ಬರೆದ, ಅಭಿಮಾನಿಯೊಬ್ಬ ಬೆಳೆಸಿದ, ಇನ್ನೊಬ್ಬಳು ಆಡಿದಳು. ಈಗಿನ ಹುಡುಗರು ತಮಗೆ ಇಷ್ಟವಾದ ಕಥೆಯ ಪಾತ್ರಗಳನ್ನು ಹಿಡಿದು ಮುಂದಿನ ಭಾಗ ಬರೆಯುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗೋಕಾಕ ತಾಲೂಕಿನ ಬೆಟಗೇರಿಯವರು ‘ಆನಂದಕಂದ’ ಎಂದು ಬರೆಯುತ್ತಿದ್ದ ಬೆಟಗೇರಿ ಕೃಷ್ಣಶರ್ಮರು. ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದವರು ಬಸವರಾಜ ಕಟ್ಟೀಮನಿ. ಹುಕ್ಕೇರಿ ತಾಲೂಕಿನ ಘೋಡಗೇರಿಯವರು ಚಂದ್ರಶೇಖರ ಕಂಬಾರರು. ಬಡತನದಿಂದ ಕಂಬಾರರ ಓದು ನಿಂತಾಗ ಸಾವಳಗಿ ಮಠದ ಸ್ವಾಮಿಗಳು ಖರ್ಚು ವಹಿಸಿಕೊಂಡು ಓದಿಸಿದರು. ಆ ಹುಡುಗನೇ ಮುಂದೆ 2010ರ ಸಾಲಿನ ಜ್ಞಾನಪೀಠ ಪಡೆದದ್ದು. ಈ ಸಾವಳಗಿ ಮಠದ ಪರಂಪರೆಯಲ್ಲಿ ಕಲಬುರಗಿಯ ಖ್ವಾಜಾ ಬಂದೇನವಾಝರ ಸ್ನೇಹದ ನೆನಪು ಇಂದಿಗೂ ಇದೆ. ಒಂದು ಮಗುವಿನ ಬರವಣಿಗೆ ಉಳಿಯಲು ಹಿರಿಯರೊಬ್ಬರು ಕೈ ಹಿಡಿದರೆ ಸಾಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಬ್ಬರ ಹೆಸರು ಹೇಳಲೇಬೇಕು. ಗೋಕಾಕದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು. ಹಗಲು ಪಾಠ, ಉಳಿದ ಹೊತ್ತು ಕಾದಂಬರಿ. ಪಾಠ ಹೇಳುವ ನಮ್ಮಂಥವರಿಗೆ ಅವರು ಹತ್ತಿರದ ಮನುಷ್ಯ ಅನ್ನಿಸುತ್ತಾರೆ. ಅವರ ‘ಅಪರಂಜಿ’ಯಿಂದಲೇ 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ಬಂದದ್ದು. ಅದರಲ್ಲಿ ರಾಜ್‌ಕುಮಾರ್ ಅವರ ಕೈಯಲ್ಲಿ ಕಾಣುವ ಶಹನಾಯಿಗೆ ನಾದ ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಗೋಕಾಕದ ಮೇಷ್ಟ್ರೊಬ್ಬರು ಬರೆದ ಕಥೆಗೆ ಕಾಶಿಯ ಉಸ್ತಾದರ ಉಸಿರು ಸೇರಿತು. ಕಥೆ ಎಲ್ಲಿಂದ ಹೊರಟು ಎಲ್ಲಿ ತಲುಪುತ್ತದೆ ಅಂತ ಬರೆಯುವವನಿಗೂ ಗೊತ್ತಿರುವುದಿಲ್ಲ.

ಕಿತಾಬುಗಳು ಏನು ಹೇಳುತ್ತವೆ

‘ಅದೆಲ್ಲ ಸರಿ ಉಸ್ತಾದ್, ದೀನಿನಲ್ಲಿ ಇದಕ್ಕೆ ಜಾಗ ಇದೆಯಾ?’ ಎಂಬ ಪ್ರಶ್ನೆಗೆ ಬರೋಣ.

ಖುರ್‌ಆನಿನ ಯೂಸುಫ್ ಸೂರಾ ತನ್ನನ್ನು ಅತ್ಯುತ್ತಮ ವೃತ್ತಾಂತ ಎಂದೇ ಕರೆದುಕೊಂಡಿದೆ. ‘ಖಸಸ್’, ಅಂದರೆ ವೃತ್ತಾಂತಗಳು ಎಂಬ ಹೆಸರಿನ ಸೂರಾವೇ ಇದೆ. ಅವು ಸತ್ಯ ಚರಿತ್ರೆ, ನಮ್ಮ ಕಟ್ಟುಕಥೆಗಳ ಸಾಲಿಗೆ ಸೇರಿಸುವಂಥದ್ದಲ್ಲ. ಆದರೆ ಒಂದು ಮಾತು ಸ್ಪಷ್ಟ. ಮನುಷ್ಯನ ಮನಸ್ಸು ಉಪದೇಶಕ್ಕಿಂತ ವೃತ್ತಾಂತಕ್ಕೆ ಬೇಗ ತೆರೆದುಕೊಳ್ಳುತ್ತದೆ ಎಂಬುದು ನಮ್ಮ ದೀನಿಗೆ ಹೊಸ ವಿಷಯವೇನಲ್ಲ.

ಕಟ್ಟುಕಥೆಯ ವಿಷಯಕ್ಕೆ ಬಂದರೆ, ಅರಬೀ ಸಾಹಿತ್ಯ ಕಲಿತವರಿಗೆ ಬಸ್ರದ ಅಲ್‌ಹರೀರಿ ಗೊತ್ತು. 1122ರಲ್ಲಿ ತೀರಿಕೊಂಡವರು. ಸರಕಾರಿ ಹುದ್ದೆಯಲ್ಲಿದ್ದುಕೊಂಡು ‘ಮಖಾಮಾತ್’ ಬರೆದರು. ಐವತ್ತು ಕಥೆಗಳು. ಅಬೂಝೈದ್ ಎಂಬ ಮಾತಿನ ಮಲ್ಲ ಊರೂರು ತಿರುಗಿ ಜನರನ್ನು ಮರುಳು ಮಾಡುವುದು, ಹಾರಿಸ್ ಎಂಬವನು ಅದನ್ನು ಕಂಡು ಹೇಳುವುದು. ಇಬ್ಬರೂ ಕಲ್ಪನೆಯ ಮನುಷ್ಯರು. ಈ ಕಿತಾಬನ್ನು ಶತಮಾನಗಳಿಂದ ಮದ್ರಸಗಳಲ್ಲಿ, ದರ್ಸೆ ನಿಝಾಮಿಯ ಪಾಠಕ್ರಮದಲ್ಲೂ, ಅರಬೀ ಭಾಷೆಯ ಪಾಠವಾಗಿ ಓದಿಸುತ್ತಾ ಬಂದಿದ್ದಾರೆ.

ಅಲ್‌ಹರೀರಿಯೂ ಒಬ್ಬ ಅಭಿಮಾನಿ. ಅವರಿಗಿಂತ ನೂರು ವರ್ಷ ಮೊದಲು ಈ ಬಗೆಯ ಕಥೆ ಶುರು ಮಾಡಿದವರು ಬದೀಉಝ್ಝಮಾನ್ ಅಲ್‌ಹಮದಾನಿ. ತಾನು ಅವರ ದಾರಿಯಲ್ಲಿ ನಡೆಯುವವನು, ಅವರೇ ಮುಂದಿನವರು ಎಂದು ಅಲ್‌ಹರೀರಿ ಮುನ್ನುಡಿಯಲ್ಲಿ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದಾರೆ. ಕಥೆ ಬರೆಯುವುದು ಸುಳ್ಳಲ್ಲವೇ ಎನ್ನುವವರಿಗೂ ಅಲ್ಲೇ ಉತ್ತರ ಇದೆ. ಪ್ರಾಣಿಗಳಿಂದ ಮಾತಾಡಿಸಿದ ಕಥೆಗಳನ್ನು ಉಲಮಾಗಳು ತಳ್ಳಿಹಾಕಿಲ್ಲ, ಕರ್ಮಗಳು ನಿಯ್ಯತ್ತಿನ ಮೇಲೆ ನಿಂತಿವೆ ಎನ್ನುವುದು ಅವರ ವಾದದ ಸಾರ.

ಪ್ರಾಣಿಗಳ ಕಥೆ ಅಂದ ಕೂಡಲೇ ‘ಕಲೀಲಾ ವ ದಿಮ್ನಾ’ ನೆನಪಾಗುತ್ತದೆ. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಅ್ ಅದನ್ನು ಪಹ್ಲವಿಯಿಂದ ಅರಬೀಗೆ ತಂದರು. ಮೂಲ ನಮ್ಮ ದೇಶದ ಪಂಚತಂತ್ರ. ಅದೇ ಪಂಚತಂತ್ರವನ್ನು ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಅವನೂ ಚಾಲುಕ್ಯರ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದವನು. ಒಂದೇ ಕಥೆ ಒಂದು ಕಡೆಯಿಂದ ಅರಬೀಗೆ, ಇನ್ನೊಂದು ಕಡೆಯಿಂದ ಕನ್ನಡಕ್ಕೆ. ಎರಡನ್ನೂ ಓದುವ ಭಾಗ್ಯ ಮದ್ರಸ ಮತ್ತು ಕನ್ನಡ ಶಾಲೆ ಎರಡೂ ಕಲಿತ ನಮ್ಮ ಮಕ್ಕಳಿಗೆ ಇದೆ.

ನಮ್ಮ ಮದುವೆ ಮನೆಗಳಿಗೇ ಬನ್ನಿ. ಕರಾವಳಿಯುದ್ದಕ್ಕೂ ಹಾಡುವ ಮಾಪ್ಪಿಳ ಹಾಡುಗಳಲ್ಲಿ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಹೆಸರು ಕೇಳದವರಿಲ್ಲ. ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ಅದನ್ನು ಬರೆದಾಗ ಅವರಿಗೆ ಇಪ್ಪತ್ತು ವರ್ಷ. ಫಾರ್ಸಿಯಿಂದ ಬಂದ ಒಂದು ಪ್ರೇಮಕಥೆಯನ್ನು ಅರಬೀ ಮಲಯಾಳಂ ಹಾಡಾಗಿ ಕಟ್ಟಿದರು. ಉಪ್ಪಂದಿರು, ಉಮ್ಮಂದಿರು ಅದನ್ನು ಕೇಳಿ ತಲೆದೂಗಿದವರೇ. ಇಪ್ಪತ್ತರ ಹುಡುಗ ಬರೆದ ಪ್ರೇಮಕಥೆ ಮದುವೆ ಮನೆಯಲ್ಲಿ ಸರಿ, ಹದಿನಾರರ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮಾತ್ರ ತಪ್ಪು ಅನ್ನುವುದು ಹೇಗೆ?

ಹಾಗಂತ ಕಟ್ಟುಪಾಡು ಇಲ್ಲವೇ? ಇದೆ. ನಾವು ಮಕ್ಕಳಿಗೆ ಮೂರು ಮಾತು ಹೇಳುತ್ತೇವೆ. ಒಂದು, ಕಥೆಯನ್ನು ಕಥೆ ಅಂತಲೇ ಹೇಳು. ಕೇಳುವವನಿಗೆ ಇದು ಕಲ್ಪನೆ ಅಂತ ಗೊತ್ತಿದ್ದರೆ ಅಲ್ಲಿ ಮೋಸ ಇಲ್ಲ. ಎರಡು, ಪ್ರವಾದಿಯವರ ಹೆಸರಿನಲ್ಲಿ, ದೀನಿನ ಹೆಸರಿನಲ್ಲಿ ಇಲ್ಲದ್ದನ್ನು ಕಟ್ಟಬೇಡ. ಅದರ ಬಗ್ಗೆ ಹದೀಸಿನಲ್ಲಿ ಬಹಳ ಗಟ್ಟಿಯಾದ ಎಚ್ಚರಿಕೆ ಇದೆ. ಗೋಕಾಕದಂಥ ಕಡೆಗಳಲ್ಲಿ ಮೊಹರಂ ಹೊತ್ತಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ದುಃಖವನ್ನು ಅಷ್ಟು ಚೆಂದದ ಕನ್ನಡದಲ್ಲಿ ಕೇಳಿದರೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ. ನಮ್ಮ ಕರಾವಳಿಗೆ ಆ ರೂಢಿ ಇಲ್ಲ. ಆ ಹಾಡುಗಾರರ ಪ್ರೀತಿಗೆ ಗೌರವ ಕೊಡೋಣ, ಚರಿತ್ರೆ ಯಾವುದು, ಹಾಡಿನವರು ಸೇರಿಸಿದ್ದು ಯಾವುದು ಅಂತ ಬೇರೆ ಮಾಡಿ ಮಕ್ಕಳಿಗೆ ತಿಳಿಸೋಣ. ಮೂರು, ನೆರೆಮನೆಯವರ ಗುಟ್ಟನ್ನು ಹೆಸರು ಬದಲಿಸಿ ಬರೆದರೆ ಅದು ಕಥೆಯಲ್ಲ, ಗೀಬತ್. ಊರಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುವ ಹಾಗೆ ಬರೆಯಬೇಡ. ಈ ಮೂರು ದಾಟದಿದ್ದರೆ ಬರೆಯಲಿ ಬಿಡಿ.

ತಡವಾಗಿ ತೆರೆದ ಬಾಗಿಲುಗಳು

ಬಾಗಿಲು ಮುಚ್ಚಿದರೆ ಏನು ಕಳೆದುಕೊಳ್ಳುತ್ತೇವೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮುಂದೆ ಓದುವ ಆಸೆ ಇತ್ತು, ಸಮಾಜದ ರೂಢಿ ಬಿಡಲಿಲ್ಲ. ಲೈಬ್ರರಿಯ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಲಂಕೇಶ್ ಪತ್ರಿಕೆಯಲ್ಲಿ ಅವರ ಬರಹ ಬರುವಾಗ ನಲವತ್ತು ದಾಟಿತ್ತು. ಇಪ್ಪತ್ತೇಳು ವರ್ಷಕ್ಕೆ ಸಿಕ್ಕಿದ ಒಂದು ಲೈಬ್ರರಿ ಕಾರ್ಡು ಅವರನ್ನು ಕಥೆಗಾರ್ತಿ ಮಾಡಿತು. ಹದಿನೈದಕ್ಕೇ ಸಿಕ್ಕಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ! ಅವರ ಎಲ್ಲ ಮಾತನ್ನೂ ಒಪ್ಪದವರು ನಮ್ಮಲ್ಲಿ ಇದ್ದಾರೆ, ಇರಲಿ. ನಮ್ಮ ಅಡುಗೆ ಮನೆಯ ಮಾತು, ನಮ್ಮ ಹೆಣ್ಣುಮಕ್ಕಳ ಕಣ್ಣೀರು ಕನ್ನಡದ ಪುಸ್ತಕಕ್ಕೆ ಬಂದದ್ದು ಅವರಿಂದ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಒಪ್ಪಿದವರು, ಒಪ್ಪದವರು ಇಬ್ಬರಿಗೂ ಮನೆಯ ಹಿರಿಯರೊಬ್ಬರು ಹೋದ ಹಾಗೆ ಆಯಿತು.

ಹಾಸನದ ಬಾನು ಮುಷ್ತಾಕ್ ವೃತ್ತಿಯಲ್ಲಿ ವಕೀಲೆ. ಕೋರ್ಟಿನ ಕೆಲಸ, ಮನೆ, ಹೋರಾಟ ಎಲ್ಲದರ ನಡುವೆ ದಶಕಗಳ ಕಾಲ ಕಥೆ ಬರೆದರು. ಅದರಲ್ಲಿ ಆಯ್ದ ಹನ್ನೆರಡು ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದರು. 2025ರ ಮೇ 20ರಂದು ಲಂಡನ್ನಿನಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕಕ್ಕೆ ಅದು ಮೊದಲ ಬಾರಿ. ನಮ್ಮ ಮನೆಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಅಭಿನಂದನೆಯ ಸುರಿಮಳೆ. ಖುಷಿಯೇ. ಗ್ರೂಪಿನಲ್ಲಿ ಹೂವಿನ ಚಿತ್ರ ಹಾಕಿದ ಎಷ್ಟು ಮಂದಿ ತಮ್ಮ ಮಗಳ ನೋಟ್‌ಬುಕ್ ತೆರೆದು ಓದಿದ್ದಾರೆ ಎನ್ನುವುದು ಬೇರೆ ಮಾತು.

ಪುತ್ತೂರಿನ ಬೊಳುವಾರು ಮಹಮದ್ ಕುಂಞಿ ಬ್ಯಾಂಕ್ ಉದ್ಯೋಗದಲ್ಲಿದ್ದುಕೊಂಡೇ ‘ಮುತ್ತುಪ್ಪಾಡಿ’ ಎಂಬ ಊರನ್ನು ಕಥೆಯಲ್ಲಿ ಕಟ್ಟಿದರು. ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲ್ಲೋಳಿ ಸೀಮೆಯ ಕಂಬಾರರು ‘ಶಿವಾಪುರ’ ಎಂಬ ಊರು ಕಟ್ಟಿದ ಹಾಗೆ, ನಮ್ಮ ಕರಾವಳಿಯವರು ಮುತ್ತುಪ್ಪಾಡಿ ಕಟ್ಟಿದರು. ಎರಡೂ ಭೂಪಟದಲ್ಲಿಲ್ಲ. ಎರಡೂ ಊರುಗಳ ಬೀದಿ ಓದುಗರಿಗೆ ಬಾಯಿಪಾಠ.

ಪ್ರಶಸ್ತಿಯ ಹೆಸರುಗಳನ್ನು ಹೇಳಿದ್ದು ನಿಮ್ಮ ಮಕ್ಕಳಿಗೂ ಪ್ರಶಸ್ತಿ ಬರುತ್ತದೆ ಅಂತ ಆಸೆ ತೋರಿಸಲಿಕ್ಕಲ್ಲ. ಹೆಚ್ಚಿನವರಿಗೆ ಬರುವುದಿಲ್ಲ. ನಮ್ಮಂಥ ನೂರು ಜನರಲ್ಲಿ ತೊಂಬತ್ತೊಂಬತ್ತು ಜನರ ಕಥೆ ಮನೆಯವರಿಗೂ ನಾಲ್ಕು ಗೆಳೆಯರಿಗೂ ಮಾತ್ರ ಗೊತ್ತಿರುತ್ತದೆ. ಅದರಿಂದ ನಷ್ಟ ಏನೂ ಇಲ್ಲ. ವಾರಕ್ಕೊಂದು ಪುಟ ಬರೆಯುವ ಹುಡುಗ ಇನ್ನೊಬ್ಬರ ಮನಸ್ಸಿನೊಳಗೆ ಇಳಿದು ಯೋಚಿಸಲು ಕಲಿಯುತ್ತಾನೆ. ಸೊಸೆಯ ಪಾತ್ರ ಬರೆಯುವವಳಿಗೆ ಅತ್ತೆಯ ಮಾತನ್ನೂ ಬರೆಯಬೇಕಾಗುತ್ತದೆ. ಆಗ ಅತ್ತೆಯ ಕಷ್ಟವೂ ಸ್ವಲ್ಪ ಕಾಣುತ್ತದೆ. ಬ್ಯಾರಿ ಮಾತಿನ ಎಷ್ಟೋ ಶಬ್ದ ಅಜ್ಜಿಯರ ಜೊತೆ ಹೋಗುತ್ತಾ ಇವೆ. ಕಥೆ ಬರೆಯುವ ಮೊಮ್ಮಗಳು ‘ಇದಕ್ಕೆ ನಮ್ಮಲ್ಲಿ ಏನು ಹೇಳ್ತಾರೆ?’ ಅಂತ ಅಜ್ಜಿಯನ್ನು ಕೇಳಿದರೆ ಆ ಶಬ್ದ ಇನ್ನೊಂದು ತಲೆಮಾರು ಉಳಿಯಿತು.

ಮನೆಯವರು ಮಾಡಬಹುದಾದದ್ದು

ಖರ್ಚಿನದ್ದೇನೂ ಇಲ್ಲ. ಮನೆಯಲ್ಲಿ ಬರೆಯುವ ಮಗು ಇದ್ದರೆ ವಾರಕ್ಕೆ ಒಂದು ಗಂಟೆ ಅದರ ಪಾಡಿಗೆ ಬಿಡಿ. ನಮಾಝ್, ಓದು, ಮನೆಕೆಲಸ ಎಲ್ಲ ಮುಗಿದ ಮೇಲಿನ ಒಂದು ಗಂಟೆ. ಬರೆದದ್ದನ್ನು ಕದ್ದು ನೋಡಬೇಡಿ, ಕೇಳಿ ಓದಿ. ಓದಿದ ಮೇಲೆ ಮೊದಲ ಮಾತು ‘ಇದೆಲ್ಲ ಯಾಕೆ’ ಅಂತ ಆಗಬಾರದು. ‘ಆಮೇಲೆ ಏನಾಯ್ತು?’ ಅಂತ ಆಗಲಿ. ಕಥೆಗಾರರಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಇಲ್ಲ.

ಪಂಚಾಯತ್ ಲೈಬ್ರರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಹೆಣ್ಣುಮಕ್ಕಳನ್ನೂ. ಕಾರ್ಡು ಮಾಡಿಸಿ ಕೊಡಿ. ಮದುವೆಯಾದ ಮೇಲೆ ಬರೆಯುವುದು ನಿಲ್ಲಿಸಿದ ಸೊಸೆಯಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ಗಂಡನ ಮನೆಯವರು ಒಮ್ಮೆ ‘ನೀನು ಮೊದಲು ಬರೆಯುತ್ತಿದ್ದೆಯಂತಲ್ಲ’ ಅಂತ ಕೇಳಿ ನೋಡಿ. ಜಮಾಅತಿನ ಹಿರಿಯರು ಮೀಲಾದ್ ಕಾರ್ಯಕ್ರಮದಲ್ಲಿ ಭಾಷಣ, ಹಾಡಿನ ಸ್ಪರ್ಧೆಯ ಜೊತೆಗೆ ಒಂದು ಕಥಾ ಸ್ಪರ್ಧೆಯನ್ನೂ ಇಟ್ಟರೆ ಒಂದು ನೋಟ್‌ಬುಕ್, ಒಂದು ಪೆನ್ನು ಬಹುಮಾನವಾಗಿ ಸಾಕು.

ಉಸ್ತಾದರಿಗೂ ಒಂದು ಮಾತು. ಮಕ್ಕಳು ಬಂದು ಕೇಳಿದರೆ ಬೈದು ಕಳಿಸಬೇಡಿ. ಮೇಲೆ ಹೇಳಿದ ಮೂರು ಮಾತು ಹೇಳಿ, ಬರೆದು ತರಲು ಹೇಳಿ. ಸುಳ್ಳಿಗೂ ಕಥೆಗೂ ಇರುವ ವ್ಯತ್ಯಾಸವನ್ನು ಮಗು ನಮ್ಮಿಂದಲೇ ಕಲಿಯಲಿ. ಬೇರೆ ಕಡೆ ಕಲಿಯುವುದಕ್ಕಿಂತ ಅದು ಒಳ್ಳೆಯದು.